ಪುಂಡಿಪಲ್ಯಕ್ಕೆ ಜ್ಯೂಸಿನವರ ಪಾಠ ಬೇಕಿಲ್ಲ

ಈ ವಾರವೂ ವಾಟ್ಸ್‌ಆ್ಯಪ್ ತುಂಬ ಅದೇ ಉಪದೇಶ: ಸೊಪ್ಪು ಬೇಯಿಸಿದರೆ ಸತ್ವ ಸತ್ತಂತೆ, ಹಸಿಯಾಗಿ ಅರೆದು ಸೋಸಿ ಕುಡಿಯಿರಿ. ಕಲಬುರಗಿಯಲ್ಲಿ ವಾಕಿಂಗ್ ಮುಗಿಸಿದವರ ಕೈಗೂ ಈಗ ಹಸಿರು ಲೋಟ ಬಂದಿದೆ. ರೊಟ್ಟಿ, ಪುಂಡಿಪಲ್ಯ ಉಣ್ಣುವವರು ಹಿಂದುಳಿದವರು. ಈ ವಾದ ಬುಡದಲ್ಲೇ ಎಡವುತ್ತದೆ. ಸೊಪ್ಪಿನಲ್ಲಿ ಸತ್ವ ಎಷ್ಟಿದೆ ಎಂಬುದು ಒಂದು ಲೆಕ್ಕ, ಅದರಲ್ಲಿ ಕರುಳು ದಾಟಿ ರಕ್ತ ಸೇರಿದ್ದೆಷ್ಟು ಎಂಬುದು ಇನ್ನೊಂದು. ಉಪದೇಶಕರು ಮೊದಲ ಲೆಕ್ಕ ತೋರಿಸಿ ಎರಡನೆಯದನ್ನು ನುಂಗಿಬಿಡುತ್ತಾರೆ.

ಎಲೆಯ ಬೀಟಾ ಕ್ಯಾರೊಟಿನ್ ಜೀವಕೋಶದೊಳಗೆ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಕೋಶದ ಗೋಡೆ ಸೆಲ್ಯುಲೋಸಿನದು, ಅದನ್ನು ಕರಗಿಸುವ ಕಿಣ್ವ ಮನುಷ್ಯನಲ್ಲಿಲ್ಲ. ಬೇಯಿಸಿದರೆ ಗೋಡೆ ಸಡಿಲವಾಗುತ್ತದೆ, ಮಸೆದರೆ ಒಡೆಯುತ್ತದೆ. ಹೊರಬಂದ ಕ್ಯಾರೊಟಿನ್ ಕೊಬ್ಬಿನಲ್ಲಿ ಕರಗುವಂಥದ್ದು, ಎಣ್ಣೆಯಿಲ್ಲದೆ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳದು. ಈಗ ಪುಂಡಿಪಲ್ಯ ಮಾಡುವ ಕ್ರಮ ನೋಡಿ: ಸೊಪ್ಪು, ತೊಗರಿಬೇಳೆ, ಜೋಳದ ನುಚ್ಚು ಮೆತ್ತಗೆ ಬೇಯಬೇಕು, ಹದಕ್ಕೆ ಬರುವವರೆಗೆ ಮಸೆಯಬೇಕು, ಮೇಲೆ ಬಳ್ಳೊಳ್ಳಿ ಜಜ್ಜಿ ಹಾಕಿದ ಎಣ್ಣೆಯ ಒಗ್ಗರಣೆ ಬೀಳಬೇಕು. ಪಾಠದ ಮೂರೂ ಹೆಜ್ಜೆ ಒಂದೇ ಗಡಿಗೆಯಲ್ಲಿವೆ. ಬಳ್ಳೊಳ್ಳಿಯೂ ಬರೀ ಘಮಕ್ಕಲ್ಲ. ಬೆಳ್ಳುಳ್ಳಿ, ಈರುಳ್ಳಿ ಬೆರೆತಾಗ ಕಾಳು-ಧಾನ್ಯಗಳ ಕಬ್ಬಿಣ, ಸತು ಹೆಚ್ಚು ಲಭ್ಯವಾಗುತ್ತವೆ ಎಂದು ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಕಂಡು 2010ರಲ್ಲಿ ಪ್ರಕಟಿಸಿದ್ದಾರೆ.

ಬಿಸಿಗೆ ವಿಟಮಿನ್ ಸಿ ಹಾಳಾಗುವುದಿಲ್ಲವೇ ಎಂದು ಕೇಳುವಿರಿ. ಆಗುತ್ತದೆ, ಬೇಯಿಸಿದ ನೀರು ಚೆಲ್ಲಿದರೆ ಇನ್ನಷ್ಟು ಹೋಗುತ್ತದೆ. ಅದಕ್ಕೇ ಈ ಸೀಮೆಯ ತಾಟಿನ ಅಂಚಿನಲ್ಲಿ ಮೆಂತ್ಯದ ಎಳೆ ಸೊಪ್ಪು, ಹಸಿಮೆಣಸಿನಕಾಯಿ, ನಿಂಬೆಹೋಳು ಇರುವುದು. ಆ ವಿಟಮಿನ್ನೇ ಸೊಪ್ಪು-ಬೇಳೆಯ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಹಾಗಾದರೆ ಕಮಲಾಪುರದ ಕೆಂಬಾಳೆಯನ್ನು ಹಸಿಯಾಗಿಯೇ ತಿನ್ನುವುದೇಕೆ? ಹಣ್ಣು ಮಾಗುವಾಗ ಅದರದೇ ಕಿಣ್ವಗಳು ಕೋಶದ ಗೋಡೆಯನ್ನು ಮೆದುಮಾಡುತ್ತವೆ. ಒಲೆ ಮಾಡುವ ಕೆಲಸವನ್ನು ಗಿಡ, ಗೊನೆಯೇ ಮುಗಿಸಿರುತ್ತವೆ. ಎಲೆ ಹಾಗೆ ಮಾಗುವುದಿಲ್ಲ. ಮಿಕ್ಸರ್ ಕೂಡ ಗೋಡೆ ಒಡೆಯುತ್ತದಲ್ಲ ಎಂಬುದು ಇನ್ನೊಂದು ಆಕ್ಷೇಪ. ಒಡೆಯುತ್ತದೆ ನಿಜ, ಆದರೆ ಸೋಸುವಾಗ ನಾರು ಹೋಯಿತು, ಎಣ್ಣೆ ಮೊದಲೇ ಇಲ್ಲ. ಪಾಲಕ್ಕಿನ ನೀರಲ್ಲಿ ಕರಗುವ ಆಕ್ಸಲೇಟ್ ಮಾತ್ರ ಲೋಟದಲ್ಲೇ ಉಳಿಯಿತು. ಕುದಿಸಿ ಬಸಿದಿದ್ದರೆ ಒಂದಷ್ಟು ನೀರಿನೊಂದಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಮೈಯ ನೀರೆಲ್ಲ ಬೆವರಾಗುವ ಊರಿನಲ್ಲಿ ದಿನಾ ಆಕ್ಸಲೇಟ್ ಕುಡಿಯುವುದು ಮೂತ್ರಪಿಂಡದ ಕಲ್ಲಿಗೆ ಕೊಡುವ ಆಹ್ವಾನ.

ಇದು ಬರೀ ಜ್ಯೂಸಿನ ತಕರಾರಾಗಿದ್ದರೆ ಬಿಡಬಹುದಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಶಾಲೆಯ ತಾಟಿನ ಕಥೆಯೂ ಇದೇ: ರಾಜ್ಯದಲ್ಲಿ ಬಿಸಿಯೂಟ 2002ರಲ್ಲಿ ಮೊದಲು ಶುರುವಾದದ್ದು ಕಲಬುರಗಿಯೂ ಸೇರಿದ ನಮ್ಮ ಈಶಾನ್ಯ ಜಿಲ್ಲೆಗಳಲ್ಲೇ. ಅದರ ಮೆನು ಪಟ್ಟಿಯಲ್ಲಿ ತರಕಾರಿಗೆ ಗ್ರಾಂ ಲೆಕ್ಕವಿದೆ, ಮಗುವಿನ ಮೈಗೆ ಹತ್ತಿದ್ದೆಷ್ಟು ಎಂಬ ಲೆಕ್ಕವಿಲ್ಲ. ಸೊಪ್ಪು ಮಸೆಯಿರಿ, ಬಳ್ಳೊಳ್ಳಿ ಒಗ್ಗರಣೆ ಕೊಡಿ, ಬಡಿಸುವಾಗ ನಿಂಬೆ ಹಿಂಡಿ: ಇದಕ್ಕೆ ಹೊಸ ಯೋಜನೆಯೂ ಬೇಡ, ಉದ್ಘಾಟನೆಯೂ ಬೇಡ. ಬಹುಶಃ ಅದಕ್ಕೇ ಯಾರಿಗೂ ಆಸಕ್ತಿಯಿಲ್ಲ. ಪೌಷ್ಟಿಕತೆಯ ಸಭೆ ನಡೆಸುವ ಸಾಹೇಬರು ಊಟವಾದ ತಕ್ಷಣ ಚಹಾ ತರಿಸುವುದನ್ನಾದರೂ ಬಿಡಲಿ; ಉಂಡ ಕಬ್ಬಿಣವನ್ನು ಕರುಳಿನಲ್ಲೇ ತಡೆಹಿಡಿಯುವಲ್ಲಿ ಚಹಾದ ಟ್ಯಾನಿನ್ ಅವರ ಇಲಾಖೆಯ ಕಡತಕ್ಕಿಂತ ಚುರುಕು.