ಕಾಗದ ಸಿಕ್ಕಿಕೊಂಡರೆ ಕಚೇರಿಯೇ ನಿಲ್ಲಬೇಕೆ?

ಮಾನ್ಯ ಸಂಪಾದಕರೇ,

ನಮ್ಮ ತಾಲ್ಲೂಕು ಕಚೇರಿಯ ಗಣಕೀಕೃತ ಸೇವೆಯನ್ನು ಕೊಂಡಾಡಿ ಕಳೆದ ವಾರ ತಮ್ಮಲ್ಲಿ ಪ್ರಕಟವಾದ ವರದಿಯನ್ನು ಓದಿ ಸಂತೋಷಪಡುವಷ್ಟರಲ್ಲಿಯೇ, ಅದೇ ಕಚೇರಿಯ ಪಹಣಿ ಕಿಟಕಿಯ ಮುಂದೆ ಹಗಲೆಲ್ಲ ನಿಂತು, ‘ಪ್ರಿಂಟರ್‌ನಲ್ಲಿ ಪೇಪರ್ ಜಾಮ್ ಆಗಿದೆ, ಸೋಮವಾರ ಬನ್ನಿ’ ಎಂಬ ಪ್ರಸಾದವನ್ನು ಸ್ವೀಕರಿಸಿ ಹಿಂದಿರುಗುವ ಭಾಗ್ಯವು ನನಗೂ, ಬೆಳೆಸಾಲದ ಅರ್ಜಿ ಹಿಡಿದು ಮಳೆಯಲ್ಲಿ ತೊಯ್ದು ಬಂದಿದ್ದ ರೈತರಿಗೂ ಒದಗಿತು. ತಮ್ಮ ವರದಿಗಾರರು ಯಂತ್ರವನ್ನು ನೋಡಿದರೋ, ಅದಕ್ಕೆ ಹೊದಿಸಿದ್ದ ಬಟ್ಟೆಯನ್ನಷ್ಟೇ ನೋಡಿ ಬಂದರೋ ತಿಳಿಯದು.

ನಾನು ಆಯುಷ್ಯದ ಬಹುಭಾಗವನ್ನು ಮುದ್ರಣಾಲಯದಲ್ಲಿ ಕಳೆದವನು. ಕಾಗದದ ಸ್ವಭಾವವನ್ನು ಅಷ್ಟಿಷ್ಟು ಬಲ್ಲೆ. ಆಷಾಢದ ಮಲೆನಾಡಿನಲ್ಲಿ ರೀಮಿನ ಹೊದಿಕೆಯನ್ನು ಹರಿದು ತೆರೆದ ಕಿಟಕಿಯ ಕಟ್ಟೆಯ ಮೇಲಿಟ್ಟರೆ ಹಾಳೆಗಳು ಗಾಳಿಯ ತೇವವನ್ನು ಹೀರಿ, ಒಂದಕ್ಕೊಂದು ಅಂಟಿ, ಎರಡು ಮೂರು ಒಟ್ಟಾಗಿ ಒಳಹೋಗುತ್ತವೆ; ಪುಡಿಶಾಯಿಯನ್ನು ಕರಗಿಸಿ ಹಾಳೆಗೆ ಅಂಟಿಸುವುದಕ್ಕಾಗಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದ ಉರುಳೆಗಳ ನಡುವೆ ಹಾಯುವಾಗ ಅಂಥ ಹಾಳೆಯು ಸುರುಳಿಗೊಂಡು, ಹೊರಬರುವ ದಾರಿ ತಪ್ಪಿ, ಮಡಿಕೆ ಮಡಿಕೆಯಾಗಿ ನಿಂತುಬಿಡುತ್ತದೆ. ಇದರಲ್ಲಿ ದೈವಕೋಪವೇನೂ ಇಲ್ಲ.

ಸಿಕ್ಕಿದ ಹಾಳೆಯನ್ನು ತೆಗೆಯುವುದೂ ಬ್ರಹ್ಮವಿದ್ಯೆಯಲ್ಲ. ವಿದ್ಯುತ್ತನ್ನು ಕಡಿದು, ಉರುಳೆ ಆರುವವರೆಗೆ ತಾಳಿ, ಮುಚ್ಚಳ ತೆರೆದು, ಟೋನರ್ ಕಾರ್ಟ್ರಿಜ್ಜನ್ನು ಹೊರತೆಗೆದು ಬೆಳಕು ತಾಗದಂತೆ ಮುಚ್ಚಿಟ್ಟು, ಹಾಳೆಯ ಎರಡೂ ಅಂಚುಗಳನ್ನು ಹಿಡಿದು ಅದು ಸಾಗುತ್ತಿದ್ದ ದಿಕ್ಕಿನಲ್ಲಿಯೇ ಮೆಲ್ಲನೆ ಎಳೆಯತಕ್ಕುದು; ಹರಿದುಬಂದಲ್ಲಿ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿ ಹಾಳೆ ಪೂರ್ಣವಾಯಿತೇ ಎಂದು ನೋಡತಕ್ಕುದು. ನಮ್ಮ ಸಿಬ್ಬಂದಿಯವರಾದರೋ ಅಖಾಡಕ್ಕಿಳಿದ ಜಟ್ಟಿಗಳಂತೆ ಹಿಂದುಮುಂದಾಗಿ ಸೆಳೆದು, ಹರಿದು, ಉಳಿದುದನ್ನು ಉಕ್ಕಿನ ಅಡಿಪಟ್ಟಿಯಿಂದ ಕೆರೆದರು. ಉಗುರಿನಷ್ಟು ಚೂರೊಂದು ಒಳಗಿನ ಸೆನ್ಸರಿನ ಸನ್ನೆಯನ್ನು ಒತ್ತಿಹಿಡಿದಿದ್ದರೂ ಸಾಕು, ಯಂತ್ರವು ಹಾಳೆ ಇನ್ನೂ ಒಳಗಿದೆಯೆಂದೇ ಬಗೆದು ಕೆಂಪು ದೀಪವನ್ನು ಆರಿಸದು. ‘ಒಳಗೇನೂ ಇಲ್ಲ ಸ್ವಾಮಿ, ಆದರೂ ಜಾಮ್ ಅಂತಿದೆ; ಬೆಂಗಳೂರಿನಿಂದ ಇಂಜಿನಿಯರೇ ಬರಬೇಕು’ ಎಂದರು. ಟಾರ್ಚು ಹಾಕಿ ನೋಡಿರೆಂದ ನನಗೆ ‘ಸಾರ್ವಜನಿಕರಿಗೆ ಪ್ರವೇಶವಿಲ್ಲ’ ಎಂಬ ಫಲಕದ ದರ್ಶನವಾಯಿತು. ಅಂಗೈಯಗಲದ ಕಾಗದಕ್ಕಾಗಿ ಒಂದು ತಾಲ್ಲೂಕೇ ಸೋಮವಾರದವರೆಗೆ ಕಾಯಬೇಕಂತೆ!

ಇದಕ್ಕಿಂತಲೂ ಘೋರವಾದ ಇನ್ನೊಂದು ಸಂಗತಿಯುಂಟು. ಯಂತ್ರದ ಹೊಟ್ಟೆಯಲ್ಲಿ ಚಿಂದಿಯಾದ ಪಹಣಿಯು ಗಣಕದ ಲೆಕ್ಕದಲ್ಲಿ ‘ವಿತರಣೆಯಾಗಿದೆ’ ಎಂದಿರುವುದರಿಂದ ಮತ್ತೊಂದು ಪ್ರತಿಗೆ ಮತ್ತೊಮ್ಮೆ ಶುಲ್ಕ ತೆರಬೇಕಂತೆ. ನನ್ನ ಕೈಗೆ ಬಾರದ ಕಾಗದಕ್ಕೆ ನಾನು ಹಣ ಕೊಟ್ಟೆ; ಅದನ್ನು ಹರಿದವರಿಗೆ ಸಂಬಳ ಬಂತು. ರಶೀದಿ ಕೇಳಿದರೆ, ಅದನ್ನು ಅಚ್ಚುಹಾಕತಕ್ಕುದೂ ಅದೇ ಪ್ರಿಂಟರು!

ಭೂಮಿ ಯೋಜನೆ ಬಂದ ತರುವಾಯ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸರ್ಕಾರವೇ ವಿಧಿಸಿತು. ಒಳ್ಳೆಯದೇ, ಶಾನುಭೋಗರ ಲೇಖನಿಯ ಲೀಲೆಗಳನ್ನು ಕಂಡವರು ಯಾರೂ ಆ ಕಾಲಕ್ಕಾಗಿ ಮರುಗಲಾರರು. ಆದರೆ ಆ ಹಳೆಯ ದಾರಿಯನ್ನು ಮುಚ್ಚಿ ಒಂದೇ ಯಂತ್ರವನ್ನು ಬಾಗಿಲಲ್ಲಿ ನಿಲ್ಲಿಸಿದವರು ಆ ಯಂತ್ರದ ಮುಚ್ಚಳ ತೆರೆಯುವುದನ್ನಾದರೂ ಒಬ್ಬ ನೌಕರನಿಗೆ ಕಲಿಸಬೇಡವೇ? 2011ರ ‘ಸಕಾಲ’ ಕಾಯಿದೆಯು ವಿಳಂಬದ ದಿನವೊಂದಕ್ಕೆ 20 ರೂಪಾಯಿ ಪರಿಹಾರವನ್ನು ಹೇಳುತ್ತದೆ. ಪೇಪರ್ ಜಾಮಿನ ದಿನಗಳು ಆ ಪಂಚಾಂಗದಲ್ಲಿ ಸೇರುವುವೋ ಇಲ್ಲವೋ, ಬಲ್ಲವರು ತಿಳಿಸಬೇಕು.

ಮಾನ್ಯ ತಹಶೀಲ್ದಾರರು ಇನ್ನಾದರೂ ಕಾಗದದ ಕಟ್ಟುಗಳನ್ನು ಕಿಟಕಿಯಿಂದ ತೆಗೆಸಿ ಬೀರುವಿನಲ್ಲಿಡಿಸಬೇಕು, ಹಾಳೆಯನ್ನೆತ್ತುವ ರಬ್ಬರ್ ಉರುಳೆಯ ಧೂಳನ್ನು ತುಸು ಒದ್ದೆಮಾಡಿದ ಬಟ್ಟೆಯಿಂದ ಒರೆಸಿಸಬೇಕು, ಮತ್ತು ಎರಡು ಸಲ ಶುಲ್ಕ ತೆತ್ತವರೆಲ್ಲರಿಗೂ ಒಂದು ಸಲದ್ದನ್ನು ಹಿಂದಿರುಗಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಆಗ್ರಹಿಸುತ್ತೇನೆ.

ಇತಿ,
ನಿವೃತ್ತ ಮುದ್ರಣಕಾರ