ಜ್ವರ ಬಿಟ್ಟ ಮೇಲಿನ ಗುಳಿಗೆ

"ಜ್ವರ ಬಿಟ್ಟೈತಿ, ಮೈ ಹತ್ತೈತಿ, ಇನ್ನ್ಯಾಕ್ರೀ ಗುಳಿಗಿ?" ಟಿಬಿ ಚಿಕಿತ್ಸೆಯ ಮೂರನೇ ತಿಂಗಳಲ್ಲಿದ್ದ, ಕುರುಗೋಡು ಕಡೆಯ ಕೂಲಿಕಾರರೊಬ್ಬರು ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ಕೇಳಿದ ಪ್ರಶ್ನೆ. ಪಕ್ಕದಲ್ಲಿದ್ದ ಓದಿದವರೊಬ್ಬರು ನನ್ನ ಕಡೆ ತಿರುಗಿ, "ಇಂಥವರಿಗೆ ಹೇಳಿದ್ರ ತಿಳಿಯಂಗಿಲ್ಲ, ಗದರಿಸಿ ನುಂಗಿಸಬೇಕು" ಎಂದರು. ನನಗೆ ಸಿಟ್ಟು ಬಂತು. ಕಾರಣ ಹೇಳದೆ ಆರು ತಿಂಗಳ ಶಿಸ್ತು ಬೇಡುವುದು ಅನ್ಯಾಯ.

ಹೇಳುವುದಕ್ಕೆ ಕಾರಣವೂ ಇದೆ. ಕ್ಷಯದ ಬ್ಯಾಕ್ಟೀರಿಯಾ ನಮ್ಮ ರಕ್ಷಣಾ ಕೋಶಗಳ ಒಳಗೇ ಬಿಡಾರ ಹೂಡುತ್ತದೆ. ಅಲ್ಲಿ ಅದರ ಮುಖ್ಯ ಆಹಾರ ಸಕ್ಕರೆಯಲ್ಲ, ಕೊಬ್ಬು. ಕೊಬ್ಬು ಒಡೆದಾಗ ಬಹುಪಾಲು ಸಿಗುವುದು ಎರಡೆರಡು ಇಂಗಾಲದ ತುಣುಕು. ಮಾಮೂಲಿ ದಾರಿಯಲ್ಲಿ ಅಷ್ಟೇ ಇಂಗಾಲ ಉರಿದು ಹೋಗುತ್ತದೆ. ಶಕ್ತಿ ಸಿಕ್ಕರೂ ಮೈ ಕಟ್ಟಲು ಏನೂ ಉಳಿಯದು. ಆ ಉರಿಯುವ ಹಂತಗಳನ್ನು ದಾಟಿಸುವ ಒಳದಾರಿಯನ್ನು 1957ರಲ್ಲಿ ವಿಜ್ಞಾನಿಗಳಾದ ಕಾರ್ನ್‌ಬರ್ಗ್ ಮತ್ತು ಕ್ರೆಬ್ಸ್ ತೋರಿಸಿದರು. ಅದರ ಬಾಗಿಲು ತೆರೆಯುವ ಕಿಣ್ವ ಐಸೊಸಿಟ್ರೇಟ್ ಲಯೇಸ್. 2000ದಲ್ಲಿ ವಿಜ್ಞಾನಿ ಮೆಕಿನಿ ಅವರ ತಂಡ ಈ ಕಿಣ್ವದ ಒಂದು ಜೀನ್ ಕಿತ್ತ ಬ್ಯಾಕ್ಟೀರಿಯಾವನ್ನು ಇಲಿಗಳಿಗೆ ಸೋಂಕಿಸಿತು. ಆ ಬ್ಯಾಕ್ಟೀರಿಯಾಗಳು ಮೊದಲ ಎರಡು ವಾರ ಎಂದಿನಂತೆ ಬೆಳೆದವು, ಆಮೇಲೆ ಸೊರಗಿದವು. ಹಾಗಾದರೆ ಈ ಜೀನ್ ಬೇಕಾದದ್ದು ದಾಳಿಗಲ್ಲ, ತಳವೂರುವುದಕ್ಕೆ.

ಸಿಕ್ಕಿದ್ದರಲ್ಲೇ ಬದುಕುವ ಈ ಲೆಕ್ಕವನ್ನು ಸಿರುಗುಪ್ಪದ ರೈತನಿಗೆ ಬಿಡಿಸಿ ಹೇಳಬೇಕೇ? ತುಂಗಭದ್ರಾ ಕಾಲುವೆಗೆ ನೀರು ಬಂದರೆ ಭತ್ತ. ಬರದಿದ್ದರೆ ಅದೇ ಎರೆಭೂಮಿಯಲ್ಲಿ ಕಡಲೆ, ಜೋಳ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಮನೆಮನೆಯಲ್ಲೂ ಇದೇ ಲೆಕ್ಕ: ನೀರಿಲ್ಲದಿದ್ದರೆ ಏನು ಬಿತ್ತೋಣ? ಈ ಲೆಕ್ಕ ಬಲ್ಲವರಿಗೆ ರೋಗಾಣುವಿನ ಲೆಕ್ಕ ತಿಳಿಯದು ಎನ್ನುವುದು ಸೊಕ್ಕು.

ರೋಗಾಣುವಿನ ಊಟ ಕೊಬ್ಬಾದರೂ, ಅನ್ನ, ಸಕ್ಕರೆ ಬಿಟ್ಟರೆ ಟಿಬಿ ಉಪವಾಸದಿಂದ ಸಾಯುತ್ತದೆ ಎನ್ನುವವರಿದ್ದಾರೆ. ಹಾಗೆ ಮಾಡಿದರೆ ಸಾಯುವುದು ರೋಗಿ.

ಗುಳಿಗೆ ಬಿಡುವವರ ಕಷ್ಟವನ್ನು ಮಾತ್ರ ನಾನು ಹಗುರಾಗಿ ಕಾಣಲಾರೆ. ಮೊದಲ ಎರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಮೂರು. ವಾಕರಿಕೆ, ಕೀಲುನೋವು, ಕೆಂಪಗಾದ ಮೂತ್ರ ಕಂಡು ಹುಟ್ಟುವ ಭಯ. ಔಷಧ ಉಚಿತ, ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ ಬರುತ್ತಿದ್ದ 500 ರೂಪಾಯಿ 2024ರ ನವೆಂಬರ್‌ನಿಂದ 1000 ಆಗಿದೆ. ಹೋದ ಕೂಲಿ ಅದರಲ್ಲಿ ತುಂಬದು. ಆರು ತಿಂಗಳಿಗೆ ಈ ಒಂದು ಜೀನೇ ಕಾರಣ ಎಂದೂ ನಾನು ಹೇಳುವುದಿಲ್ಲ. ಆದರೆ ಜ್ವರ ಬಿಟ್ಟ ಮೈಯಲ್ಲಿ ಮೆಲ್ಲಗೆ ಬದುಕುವ ರೋಗಾಣು ಉಳಿದಿರುತ್ತದೆ, ಅದನ್ನು ಕೊಲ್ಲಲು ಔಷಧಕ್ಕೆ ಬಹಳ ದಿನ ಬೇಕು, ನಡುವೆ ಬಿಟ್ಟರೆ ಔಷಧಕ್ಕೆ ಬಗ್ಗದ ತಳಿ ಹುಟ್ಟಬಹುದು: ಇಷ್ಟನ್ನು ಹೇಳಲು ಐದು ನಿಮಿಷ ಸಾಕು.

ಅಂದು ಅಷ್ಟೇ ಹೇಳಿದೆ. ಆ ಕೂಲಿಕಾರರು ಬಹಳ ಹೊತ್ತು ಸುಮ್ಮನಿದ್ದು, "ಮಳಿ ಇಲ್ದಾಗ ಬೇರಿನಾಗ ಜೀವ ಹಿಡ್ಕೊಂಡಿರೋ ಕರಿಕಿ ಇದ್ದಂಗ ಅನ್ರಿ" ಎಂದರು.