ಎಲ್ಲರಿಗೂ ಒಂದೇ ಡಬ್ಬಿ ಎಂಬ ಸೋಮಾರಿತನ

ಆಯುಧಪೂಜೆಯ ದಿನ ಬೆಂಗಳೂರಿನ ಕಾಮಾಕ್ಷಿಪಾಳ್ಯದ ಯಾವ ಶೆಡ್ಡಿಗೆ ಹೋದರೂ ಅದೇ ನೋಟ. ಲೇತ್ ಮೆಷಿನ್ನಿಗೆ ಅರಿಶಿನ ಕುಂಕುಮ, ಚೆಂಡುಹೂವಿನ ಹಾರ. ಬಾಗಿಲಲ್ಲಿ ಒಡೆದ ಬೂದುಗುಂಬಳ. ಮೂಲೆಯಲ್ಲಿ ಕಡಲೆಪುರಿಯ ಮೂಟೆ. ಮಂಗಳಾರತಿ ಆದಮೇಲೆ ಮಾಲೀಕರು ಒಬ್ಬೊಬ್ಬರನ್ನೇ ಕರೆದು ಬೋನಸ್ ಕವರು, ಅದರ ಮೇಲೊಂದು ಸ್ವೀಟ್ ಬಾಕ್ಸು ಕೊಡುತ್ತಾರೆ. ರಾಜಾಜಿನಗರದ ಆಫೀಸುಗಳಲ್ಲಿ, ಮೈಸೂರು ರಸ್ತೆಯ ಗಾರ್ಮೆಂಟ್ಸುಗಳಲ್ಲಿ, ಕೆಂಗೇರಿ ಆಚೆಯ ಕುಂಬಳಗೋಡಿನ ಫ್ಯಾಕ್ಟರಿಗಳಲ್ಲಿ ಅದೇ ಡಬ್ಬಿ ದೀಪಾವಳಿಗೆ ಮತ್ತೊಮ್ಮೆ ಬರುತ್ತದೆ. ಅದು ಯಾರ ಮನೆ ಸೇರಿತು, ಯಾರ ಬಾಯಿಗೆ ಹೋಯಿತು ಎಂದು ಕೊಟ್ಟವರು ಮಾತ್ರ ಯಾವತ್ತೂ ವಿಚಾರಿಸುವುದಿಲ್ಲ.

ನಾನು ಕೆಲಸ ಮಾಡಿದ ಒಂದು ಕಡೆ ಈ ಡಬ್ಬಿಗಳನ್ನು ಆರ್ಡರ್ ಮಾಡುವವರ ಪಕ್ಕದಲ್ಲಿ ಕೂತಿದ್ದೇನೆ. ಫೋನಿನಲ್ಲಿ ಅಂಗಡಿಯವರಿಗೆ ಕೇಳುತ್ತಿದ್ದದ್ದು ಮೂರೇ ಪ್ರಶ್ನೆ. ಡಬ್ಬಿಗೆ ಎಷ್ಟು ಬೀಳುತ್ತೆ? ಬಿಲ್ಲು ಯಾವ ಹೆಸರಿಗೆ? ಯಾವಾಗ ಕಳಿಸ್ತೀರಿ? ತಿನ್ನುವವರ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ಆಗ ನಾನೂ ಬಾಯಿ ಬಿಡಲಿಲ್ಲ. ಆ ಮೌನ ತಪ್ಪಾಗಿತ್ತು.

ಬೋನಸ್ಸಿನ ಮಾತು ಬೇರೆ. ಅದು ಕೆಲಸಗಾರರ ಹಕ್ಕು. ಕನಿಷ್ಠ ಶೇ 8.33 ಎಂದು ಕಾನೂನೇ ಗೊತ್ತುಮಾಡಿದೆ. ಸ್ವೀಟ್ ಬಾಕ್ಸು ಕೊಡಿ ಎಂದು ಯಾವ ಕಾನೂನೂ ಹೇಳಿಲ್ಲ. ಅದು ಮನಸ್ಸಿನಿಂದ ಕೊಡುವ ವಸ್ತು. ಅಂಥದರಲ್ಲೇ ಮನಸ್ಸು ಇಲ್ಲವಾದರೆ ಉಳಿಯುವುದು ರಟ್ಟು ಮತ್ತು ಸಕ್ಕರೆ.

ಆ ರಟ್ಟಿನ ಡಬ್ಬಿಯೊಳಗೆ ಸಾಮಾನ್ಯವಾಗಿ ಇರುವುದೇನು? ಮೈಸೂರು ಪಾಕು, ಪೇಡ, ಕಾಜು ಕಟ್ಲಿ, ಸೋನ್ ಪಾಪಡಿ, ಪಕ್ಕದಲ್ಲಿ ಒಂದು ಪೊಟ್ಟಣ ಖಾರಾ ಮಿಕ್ಸ್ಚರು. ಇದರಲ್ಲಿ ಯಾರು ಏನು ತಿನ್ನುವ ಹಾಗಿಲ್ಲ ಎಂದು ಒಂದು ಸಲ ಕೂತು ಲೆಕ್ಕ ಹಾಕಿ.

ಮೊದಲು ಸಕ್ಕರೆ ಕಾಯಿಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ವಯಸ್ಕರಲ್ಲಿ ಶೇ 11.4. ಇನ್ನೂ ಶೇ 15.3 ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಈ ಪ್ರಮಾಣದಲ್ಲಿ 400 ಜನರಿರುವ ಫ್ಯಾಕ್ಟರಿಯಲ್ಲಿ ಸುಮಾರು 45 ಮಂದಿಗೆ ಕಾಯಿಲೆ ಇದೆ, 60 ಮಂದಿಗೆ ಬರುವ ಹಾದಿಯಲ್ಲಿದೆ ಎಂದಾಯಿತು. ರಾಜಾಜಿನಗರದ ಇಎಸ್ಐ ಆಸ್ಪತ್ರೆಯಲ್ಲಿ ಶುಗರ್ ಮಾತ್ರೆಗೆ ಸಾಲು ನಿಲ್ಲುವವರು ಇದೇ ಸುತ್ತಿನ ಕೆಲಸಗಾರರು. ಅವರ ಸಂಬಳದಲ್ಲಿ ಇಎಸ್ಐಗೆ ಹಣ ಹಿಡಿದು ಕಟ್ಟುವ ಮ್ಯಾನೇಜ್ಮೆಂಟೇ ಹಬ್ಬದ ದಿನ ಅವರ ಕೈಗೆ ಅರ್ಧ ಕೆಜಿ ಸಿಹಿ ಇಡುತ್ತದೆ.

ಸ್ವಲ್ಪ ಎಚ್ಚರ ಇರುವವರು 'ಅವರಿಗೆ ಬೆಲ್ಲದ್ದು ಕೊಟ್ಟಿದ್ದೇವೆ' ಎನ್ನುತ್ತಾರೆ. ಬೆಲ್ಲವೂ ರಕ್ತದಲ್ಲಿ ಸಕ್ಕರೆಯನ್ನೇ ಏರಿಸುತ್ತದೆ. 'ಶುಗರ್ ಫ್ರೀ' ಎಂದು ಬರೆದ ಡಬ್ಬಿಯೂ ಅಭಯ ಹಸ್ತವಲ್ಲ. ಅದರೊಳಗೆ ಖೋವಾ, ಮೈದಾ, ತುಪ್ಪ ಎಲ್ಲ ಇರಬಹುದು. ಸಿಹಿ ತಿನ್ನದವರಿಗೆ ಸಿಹಿಯ ಇನ್ನೊಂದು ರೂಪ ಕೊಡುವ ಬದಲು ಬಾದಾಮಿ, ಹುರಿಗಡಲೆ, ಹುರಿದ ಶೇಂಗಾ ಕೊಡಿ, ಇಲ್ಲವೇ ಮನೆಗೆ ಬೇಕಾದ ಒಳ್ಳೆಯ ಅಕ್ಕಿ ಬೇಳೆ ಕೊಡಿ.

ಇನ್ನು ವ್ರತ. ಬಸವೇಶ್ವರನಗರದ ಎಷ್ಟೋ ಮನೆಗಳಲ್ಲಿ ಚಾತುರ್ಮಾಸ್ಯ ಹಿಡಿಯುವ ಮಾಧ್ವರಿದ್ದಾರೆ. ಅದರ ಅಂಗವಾಗಿ ಭಾದ್ರಪದದ ಶುಕ್ಲಪಕ್ಷದಲ್ಲಿ ಶುರುವಾಗುವ ಕ್ಷೀರವ್ರತದಲ್ಲಿ ಹಾಲು ನಿಷಿದ್ಧ; ಅದು ಮುಗಿಯುವುದು ವಿಜಯದಶಮಿಯ ಹೊತ್ತಿಗೆ. ಆಯುಧಪೂಜೆ ಬರುವುದು ನವಮಿಯಂದು, ವ್ರತದ ಒಳಗೇ. ಅದಾದ ಕೂಡಲೇ ದ್ವಿದಳವ್ರತ, ಬೇಳೆಕಾಳು ಮುಟ್ಟುವಂತಿಲ್ಲ. ದೀಪಾವಳಿ ಬರುವುದು ಅದರ ನಡುವೆ. ಹಾಗಾದರೆ ಆಯುಧಪೂಜೆಗೆ ಹಾಲಿನ ಪೇಡ, ದೀಪಾವಳಿಗೆ ಕಡಲೆಹಿಟ್ಟಿನ ಮೈಸೂರು ಪಾಕು ಕೊಟ್ಟರೆ ಎರಡೂ ಡಬ್ಬಿ ವ್ಯರ್ಥ. ಅದನ್ನೇ ಅದಲು ಬದಲು ಮಾಡಿದ್ದರೆ ಎರಡನ್ನೂ ದೇವರ ಮುಂದಿಟ್ಟು ತಿನ್ನುತ್ತಿದ್ದರು. ಒಂದು ಪೈಸೆ ಹೆಚ್ಚಿಗೆ ಖರ್ಚಾಗುತ್ತಿರಲಿಲ್ಲ. ಕೇಳಬೇಕಾಗಿತ್ತು, ಅಷ್ಟೆ.

ಜೈನರಿಗೆ ದೀಪಾವಳಿ ಮಹಾವೀರರು ನಿರ್ವಾಣ ಹೊಂದಿದ ದಿನ. ನೆಲದೊಳಗೆ ಬೆಳೆಯುವ ಗೆಡ್ಡೆಗಳನ್ನು ವರ್ಜಿಸುವ ಅವರ ಕೈಗೆ ಆ ದಿನವೇ ಆಲೂ ಚಿಪ್ಸಿನ ಪೊಟ್ಟಣ ಹೋಗುತ್ತದೆ. ಸೂರ್ಯಾಸ್ತದ ಮೇಲೆ ಊಟ ಮಾಡದವರನ್ನು ಸಂಜೆ ಏಳಕ್ಕೆ ಕೂರಿಸಿ 'ಬಿಸಿ ಬಿಸಿ ತಿನ್ನಿ' ಎಂದು ಒತ್ತಾಯ ಮಾಡುತ್ತೇವೆ. ಉತ್ತರದ ರಾಜ್ಯಗಳಿಂದ ದುಡಿಯಲು ಬಂದ ಕೆಲವು ಹುಡುಗರು ನವರಾತ್ರಿಯಲ್ಲಿ ಧಾನ್ಯ ತಿನ್ನದೆ ಉಪವಾಸ ಇರುತ್ತಾರೆ. ಅವರ ಭಾಷೆ ಬಾರದ ಸೂಪರ್ವೈಸರು ಕೇಳುವುದೂ ಇಲ್ಲ, ಅವರು ಹೇಳುವುದೂ ಇಲ್ಲ. ಡ್ರೈ ಫ್ರೂಟ್ಸಿನ ಜೊತೆ ಬಂದ ಜೆಲ್ಲಿ ಮಿಠಾಯಿಯಲ್ಲಿ ಜೆಲಟಿನ್ ಇದ್ದರೆ ಅದು ಸಾಮಾನ್ಯವಾಗಿ ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆದದ್ದು. ಮುಸ್ಲಿಂ ಸಹೋದ್ಯೋಗಿಗೂ ಅದು ಕಷ್ಟ, ಸಸ್ಯಾಹಾರಿಗೂ ಕಷ್ಟ. ಕ್ರಿಸ್ಮಸ್ಸಿಗೆ ಹಂಚುವ ಪ್ಲಮ್ ಕೇಕಿನಲ್ಲಿ ಮೊಟ್ಟೆ ಇದೆಯೇ, ರಮ್ ಇದೆಯೇ ಎಂದು ಹೇಳುವವರೂ ಕಡಿಮೆ.

ಎಲ್ಲಕ್ಕಿಂತ ಅಪಾಯದ್ದು ಅಲರ್ಜಿ. 'ಒಂದು ತಿಂದ್ರೆ ಏನಾಗುತ್ತೆ?' ಎಂದು ಬಾಯಿಗೆ ತುರುಕುವ ಚಾಳಿ ನಮ್ಮ ಕಚೇರಿಗಳಲ್ಲಿ ಪ್ರೀತಿಯ ವೇಷ ಹಾಕಿಕೊಂಡು ಓಡಾಡುತ್ತದೆ. ಶೇಂಗಾ ಅಥವಾ ಗೋಡಂಬಿಯ ತೀವ್ರ ಅಲರ್ಜಿ ಇರುವವರಿಗೆ ಒಂದು ತುಣುಕು ತಿಂದರೂ ಗಂಟಲು ಊದಿ ಉಸಿರು ಕಟ್ಟಬಹುದು. ಗೋಧಿ ಆಗದ ಸೀಲಿಯಾಕ್ ರೋಗಿ ಮೈದಾ ಇರುವ ಸೋನ್ ಪಾಪಡಿಯನ್ನಂತೂ ಬಿಟ್ಟಾರು. ಆದರೆ ಖಾರಾ ಮಿಕ್ಸ್ಚರಿನ ಒಗ್ಗರಣೆಯ ಪುಡಿ ಇಂಗಿನಲ್ಲಿ ಗೋಧಿಹಿಟ್ಟು ಬೆರೆತಿರಬಹುದು ಎಂಬುದು ಡಬ್ಬಿ ತರಿಸಿದವರಿಗೆ ಗೊತ್ತೇ? ಪ್ಯಾಕೆಟ್ ತಿಂಡಿಯ ಮೇಲೆ ಗ್ಲುಟನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಶೇಂಗಾ, ಗೋಡಂಬಿ ಬಾದಾಮಿಯಂಥ ಬೀಜಗಳು, ಸೋಯಾ ಇದ್ದರೆ ಕಾಣುವಂತೆ ಬರೆಯಲೇಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮ ಹೇಳುತ್ತದೆ. ಅಂಗಡಿಯ ತಟ್ಟೆಯಿಂದ ತೆಗೆದು ಅಲಂಕಾರದ ಡಬ್ಬಿಗೆ ಜೋಡಿಸಿದ ಸಿಹಿಯ ಮೇಲೆ ಇರುವುದು ಅಂಗಡಿಯ ಹೆಸರು, ಕಂಪನಿಯ ಲೋಗೊ, 'ಹಬ್ಬದ ಶುಭಾಶಯಗಳು'.

ಕೆಟ್ಟು ಹೋಗುವ ಮಾತೂ ಇದೆ. ಬಿಡಿಯಾಗಿ ಮಾರುವ ಸಿಹಿಗೆ ಯಾವ ದಿನದೊಳಗೆ ತಿನ್ನಬೇಕೆಂದು ಅಂಗಡಿಯಲ್ಲಿ ಬರೆದಿಡಬೇಕೆಂಬ ನಿಯಮ 2020ರ ಅಕ್ಟೋಬರ್ 1ರಿಂದ ಇದೆ. ಆ ಚೀಟಿ ಇರುವುದು ಅಂಗಡಿಯ ಗಾಜಿನೊಳಗಿನ ತಟ್ಟೆಯ ಪಕ್ಕದಲ್ಲಿ. ಗಾರ್ಮೆಂಟ್ಸಿನ ಸ್ಟೋರ್ ರೂಮಿನಲ್ಲಿ ಮೂರು ದಿನ ರಾಶಿ ಬಿದ್ದ ಡಬ್ಬಿಯ ಜೊತೆ ಅದು ಬರುವುದಿಲ್ಲ. ಹಾಲಿನ ಸಿಹಿಯ ಆಯಸ್ಸು ಕಡಿಮೆ ಎಂದು ಹಳ್ಳಿಯ ಅಜ್ಜಿಗೂ ಗೊತ್ತು. ಗೊತ್ತಿದ್ದೂ ಗುರುವಾರ ತರಿಸಿ ಸೋಮವಾರ ಹಂಚುವುದು ಉಡಾಫೆ.

ಇಷ್ಟು ಹೇಳಿದರೆ ಸಿದ್ಧ ಉತ್ತರವೊಂದು ಬರುತ್ತದೆ: 'ನಾವು ಭೇದ ಮಾಡೋದಿಲ್ಲ, ಎಲ್ಲರಿಗೂ ಒಂದೇ.' ಈ ಮಾತು ಸುಳ್ಳು. ಅದೇ ಕಂಪನಿಯಲ್ಲಿ ಮ್ಯಾನೇಜರಿಗೆ ಮರದ ಪೆಟ್ಟಿಗೆಯಲ್ಲಿ ಬಾದಾಮಿ ಪಿಸ್ತಾ, ಆಪರೇಟರಿಗೆ ಅರ್ಧ ಕೆಜಿ ರಟ್ಟಿನ ಡಬ್ಬಿ, ಗುತ್ತಿಗೆಯ ಸೆಕ್ಯೂರಿಟಿಗೂ ಹೌಸ್ ಕೀಪಿಂಗ್ ಹೆಂಗಸರಿಗೂ ಉಳಿದರೆ ಉಂಟು. ಹುದ್ದೆ ನೋಡಿ ಡಬ್ಬಿ ಬೇರೆ ಮಾಡಲು ನಿಮಗೆ ಬರುತ್ತದೆ. ಹೊಟ್ಟೆ ನೋಡಿ ಬೇರೆ ಮಾಡಿ ಎಂದರೆ ಮಾತ್ರ ಕಷ್ಟವಾಗುತ್ತದೆ. ಭೇದ ಮಾಡಬೇಕಾದ ಕಡೆ ಮಾಡದೆ, ಮಾಡಬಾರದ ಕಡೆ ಮಾಡುವುದಕ್ಕೆ ಸಮಾನತೆ ಎಂದು ಹೆಸರಿಡಬೇಡಿ.

ಇನ್ನೊಂದು ಉತ್ತರ: 'ಬೇಡ ಅಂದ್ರೆ ಯಾರಿಗಾದ್ರೂ ಕೊಡಲಿ.' ದಾನ ಬಂದ ಹಸುವಿನ ಹಲ್ಲು ಎಣಿಸಬಾರದು ಎಂಬ ಗಾದೆಯೂ ಜೊತೆಗೆ ಬರುತ್ತದೆ. ಇದು ದಾನವಲ್ಲ ಸ್ವಾಮಿ. ವರ್ಷವಿಡೀ ನಿಮ್ಮ ಮೆಷಿನ್ನಿನ ಮುಂದೆ ನಿಂತವರಿಗೆ ನೀವು ಹೇಳುವ ಕೃತಜ್ಞತೆ. ಅದನ್ನು ತಿನ್ನಲಾಗದೆ ಪಕ್ಕದ ಮನೆಗೆ ದಾಟಿಸಿ ಬರುವಾಗ, 'ಇವರಿಗೆ ನಾನು ಯಾರು ಅಂತಲೇ ಗೊತ್ತಿಲ್ಲ' ಎಂದು ಅವರಿಗೆ ಅನ್ನಿಸುತ್ತದೆ. ಸಾವಿರಾರು ಜನರ ಗಾರ್ಮೆಂಟ್ಸಿನಲ್ಲಿ ಹೆಸರು ಗೊತ್ತಿಲ್ಲ ಎಂದರೆ ಒಂದು ಮಾತು. ಹತ್ತು ಜನರ ಶೆಡ್ಡಿನ ಮಾಲೀಕರು ಹದಿನೈದು ವರ್ಷದಿಂದ ಎದುರಿಗೇ ಟೀ ಕುಡಿಯುವ ಫಿಟ್ಟರು ಸಕ್ಕರೆ ಹಾಕಿಸಿಕೊಳ್ಳುವುದಿಲ್ಲ ಎಂಬುದನ್ನು ನೋಡಿಲ್ಲವೆಂದರೆ ಅದಕ್ಕೆ ಕ್ಷಮೆ ಇಲ್ಲ.

'ಕೇಳಿದರೆ ಜಾತಿ ಕೇಳಿದಂತಾಗುತ್ತೆ, ಕಾಯಿಲೆ ಕೆದಕಿದಂತಾಗುತ್ತೆ' ಎಂಬ ಅಳುಕು ಮಾತ್ರ ಒಪ್ಪುವಂಥದು. ಅದಕ್ಕೆ ಕೇಳದೇ ಇರುವುದು ಪರಿಹಾರವಲ್ಲ. ಸರಿಯಾಗಿ ಕೇಳುವುದು ಪರಿಹಾರ. ಕಾರಣ ಕೇಳಬೇಡಿ, ಪದಾರ್ಥ ಕೇಳಿ. ಎಲ್ಲರೆದುರು ಕೈ ಎತ್ತಿಸಬೇಡಿ, ಚೀಟಿ ಕೊಡಿ. ಅದರಲ್ಲಿ ಇಷ್ಟು ಬರೆದಿರಲಿ: ಸಕ್ಕರೆ ಬೇಡ, ಹಾಲು ಬೇಡ, ಬೇಳೆ ಬೇಡ, ಶೇಂಗಾ ಗೋಡಂಬಿ ಬೇಡ, ಗೋಧಿ ಮೈದಾ ಬೇಡ, ಈರುಳ್ಳಿ ಬೆಳ್ಳುಳ್ಳಿ ಗೆಡ್ಡೆ ಬೇಡ, ಮೊಟ್ಟೆ ಜೆಲಟಿನ್ ಬೇಡ, ಏನು ಕೊಟ್ಟರೂ ಸರಿ. ತಮಗೆ ಹೊಂದುವುದಕ್ಕೆ ಗುರುತು ಹಾಕಿದರೆ ಸಾಕು. ಓದಲು ಬಾರದವರಿಗೆ, ಕನ್ನಡ ಬಾರದವರಿಗೆ ಜೊತೆಗಾರರೊಬ್ಬರು ಓದಿ ಹೇಳಲಿ. ಹಬ್ಬಕ್ಕೆ ಮೂರು ವಾರ ಮೊದಲು ಈ ಕೆಲಸ ಅರ್ಧ ದಿನದ್ದು.

ಉತ್ತರ ಬಂದಮೇಲೆ ನೂರು ಬಗೆಯ ಡಬ್ಬಿ ಮಾಡಬೇಕಾಗಿಲ್ಲ. ಮಾಮೂಲಿ ಸಿಹಿಯದು ಒಂದು, ಸಕ್ಕರೆ ಇಲ್ಲದ ಬೀಜ ಕಾಳಿನದು ಒಂದು, ಹಾಲೂ ಬೀಜವೂ ಇಲ್ಲದ್ದು ಒಂದು, ಇದಾವುದೂ ಹೊಂದದವರಿಗೆ ಹಾಪ್‌ಕಾಮ್ಸ್‌ನ ಹಣ್ಣು ಅಥವಾ ದಿನಸಿ ಅಂಗಡಿಯ ಕೂಪನ್ನು. ನಾಲ್ಕು ಬಗೆ ಸಾಕು. ಡಬ್ಬಿಯ ಮೇಲಿನ ಜರಿ ರಿಬ್ಬನ್ನು, ಮಿಂಚುವ ಕಾಗದ ಬಿಟ್ಟರೆ ಈ ಬದಲಾವಣೆಯ ಖರ್ಚಿನ ಒಂದು ಪಾಲು ಅಲ್ಲೇ ಹುಟ್ಟುತ್ತದೆ. ಒಳಗಿರುವ ಪದಾರ್ಥಗಳನ್ನೂ ತಿನ್ನಬೇಕಾದ ಕೊನೆಯ ದಿನವನ್ನೂ ಬರೆದುಕೊಡದ ಅಂಗಡಿಗೆ ಆರ್ಡರ್ ಕೊಡಬೇಡಿ. ನೂರಾರು ಡಬ್ಬಿ ಕೊಳ್ಳುವವರ ಮಾತನ್ನು ಅಂಗಡಿಯವರು ಕೇಳಿಯೇ ಕೇಳುತ್ತಾರೆ. ಹೊರಗಿನ ಡಬ್ಬಿಗಳು ಒಂದೇ ಬಣ್ಣದಲ್ಲಿರಲಿ, ಬೆಲೆಯೂ ಒಂದೇ ಇರಲಿ. ಯಾರ ಡಬ್ಬಿ ಯಾಕೆ ಬೇರೆ ಎಂದು ಬಸ್ಸಿನಲ್ಲಿ ಯಾರೂ ಕೇಳದಿರಲಿ. ಗುತ್ತಿಗೆಯವರ ಹೆಸರು ಪಟ್ಟಿಯ ಕೊನೆಯಲ್ಲಿ ಅಲ್ಲ, ಎಲ್ಲರ ನಡುವೆ ಬರಲಿ.

ಕೆಲಸಗಾರರಿಗೂ ಒಂದು ಮಾತು. ಸಂಕೋಚದಿಂದ ಸುಮ್ಮನೆ ತೆಗೆದುಕೊಂಡು ಬರಬೇಡಿ. ನನಗೆ ಇದು ಆಗುವುದಿಲ್ಲ ಎಂದು ಹೇಳುವುದು ಮಾಲೀಕರಿಗೆ ಮಾಡುವ ಅವಮಾನವಲ್ಲ. ಜೊತೆಯವರು 'ಇವನದ್ದು ಯಾವಾಗಲೂ ಒಂದು ರಗಳೆ' ಎಂದು ನಗುವುದನ್ನೂ ನಿಲ್ಲಿಸಲಿ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದರು ಹಿರಿಯರು. ನಾವು ಹಬ್ಬದ ಉಡುಗೊರೆಯಲ್ಲಿ ನೋಟವನ್ನಷ್ಟೇ ಉಳಿಸಿಕೊಂಡು ಊಟವನ್ನು ಮರೆತಿದ್ದೇವೆ. ಈ ವರ್ಷ ಅಂಗಡಿಗೆ ಫೋನ್ ಮಾಡುವ ಮೊದಲು ನಿಮ್ಮ ಜನರ ಹತ್ತಿರ ಹೋಗಿ. ಏನು ತಿನ್ನುತ್ತೀರಿ ಎಂದು ಕೇಳಿ, ಆಮೇಲೆ ಕೊಡಿ. ಕೇಳುವಷ್ಟು ವ್ಯವಧಾನ ಇಲ್ಲದಿದ್ದರೆ ಆ ದುಡ್ಡನ್ನು ಬೋನಸ್ ಕವರಿಗೇ ಸೇರಿಸಿ ಕೊಡಿ; ಅದು ಎಲ್ಲರ ಮನೆಯಲ್ಲೂ ಖರ್ಚಾಗುತ್ತದೆ.